ಚೇಂಬರು ಬದಲಿಸಿದವನು

ಗುಂಡ್ಲುಪೇಟೆಯಲ್ಲಿ ನನ್ನ ಹಳೆಯ ಡೀಸೆಲ್ ಜೀಪನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ಕಿಗೆ ಒಂದು ಮಾತು ರೂಢಿಯಾಗಿತ್ತು: "ಭಯ ನಂಗ್ ಬುಡಿ ಮೇಷ್ಟ್ರೇ, ನೀವ್ ಟೀ ಕುಡ್ಕ ಬನ್ನಿ." ಹೆದರಿಕೆಯನ್ನೇ ಕಸುಬು ಮಾಡಿಕೊಂಡಿದ್ದ ನನಗೆ ಅದಕ್ಕಿಂತ ಹಿತವಾದ ಮಾತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಸಂಗತಿ. ತುಂಬು ಬಸುರಿ ಹೆಂಡತಿಯನ್ನು ಮರುದಿನ ಮೈಸೂರಿನ ಆಸ್ಪತ್ರೆಗೆ ಸೇರಿಸಬೇಕಿತ್ತು. ಆಗಲೇ ಜೀಪಿನಡಿ ಆಯಿಲ್ ತೊಟ್ಟಿಕ್ಕುವುದು ಕಂಡಿತು. ಇಂಜಿನ್ನಿನ ತಳದಲ್ಲಿ ಆಯಿಲ್ ತುಂಬಿರುವ ಚೇಂಬರನ್ನು ಅವನು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಟ್ಟಿದ. ತುಕ್ಕು ಹಿಡಿದ ತಗಡು ಹಪ್ಪಳದಂತೆ ಮುರಿಯಿತು.

"ತೂತಿಗೆ ಸೋಪು ಮೆತ್ತಿದರೆ ಮೈಸೂರು ತಲುಪೋದಿಲ್ವೇ?" ಎಂದೆ.

ಅವನು ಸಂತೆಮರಹಳ್ಳಿಗೆ ಹೋಗಿ, ಕೆಟ್ಟು ನಿಂತ ಜೀಪೊಂದರ ಚೇಂಬರು ಬಿಚ್ಚಿ ತಂದು ಹಾಕಿದ.

ಬೆಳಿಗ್ಗೆ ಎತ್ತಿನ ಗಾಡಿಯ ವೇಗದಲ್ಲಿ ಹೊರಟೆವು. ಬೇಗೂರಿನ ಹತ್ತಿರ ಕನ್ನಡಿಯಲ್ಲಿ ನೋಡಿದರೆ ಹಿಂದೆ ಅವನೇ, ಮೊಪೆಡ್ಡಿನ ಮೇಲೆ, ಕೈ ಬೀಸುತ್ತ! ಜೀಪು ನಿಲ್ಲಿಸಿದ್ದೇ ತಡ, ಒಗೆದ ಬಿಳಿ ಶರಟಿನಲ್ಲೇ ಅದರಡಿಗೆ ತೂರಿದ.

"ಬೋಲ್ಟೆಲ್ಲಾ ಬಿಗಿ ಮಾಡಿದ್ನೋ ಇಲ್ವೋ ಅಂತ ಅನ್ಮಾನ ಬಂದ್ಬುಡ್ತು ಮೇಷ್ಟ್ರೇ. ರಾತ್ರಿಯೆಲ್ಲಾ ಕಣ್ಣೇ ಮುಚ್ನಿಲ್ಲ," ಎನ್ನುತ್ತ ಹೊರಬಂದು, ಆಯಿಲ್ ತಾಗದ ಒಣ ಅಂಗೈ ತೋರಿಸಿದ.

ಹೆಂಡತಿ ಹೊಟ್ಟೆ ಹಿಡಿದುಕೊಂಡೇ ನಕ್ಕಳು. "ನೀವೂ ಹತ್ಕಳಿ ಅಣ್ಣ. ಇವರೊಬ್ಬರೇ ಎಷ್ಟು ಅಂತ ಹೆದರ್ತಾರೆ?"

ಮೊಪೆಡ್ಡನ್ನು ರಸ್ತೆಬದಿಯ ಅಂಗಡಿಯಲ್ಲಿ ಬಿಟ್ಟು ಅವನು ಹತ್ತಿದ. ಮೈಸೂರಿನವರೆಗೆ ಒಂದು ಹನಿಯೂ ಸೋರಲಿಲ್ಲ. ದಾರಿಯುದ್ದಕ್ಕೂ ಮಾತಾಡಿದವಳು ಬಸುರಿ ಒಬ್ಬಳೇ. ನಾವು ಗಂಡಸರಿಬ್ಬರೂ ಉಸಿರು ಬಿಗಿಹಿಡಿದು ಇಂಜಿನ್ನಿನ ಸದ್ದು ಕೇಳುತ್ತಿದ್ದೆವು.