ರಜಿಯಾಗೆ ಇಟ್ಟ ಪೇಪರ್ ಪ್ಲೇಟು

ರಜಿಯಾ, ಅಂದು ನಿಮಗೆ ಪೇಪರ್ ಪ್ಲೇಟಿನಲ್ಲಿ ಬಡಿಸಿದ್ದಕ್ಕೆ ನಮ್ಮ ಅತ್ತೆ ಕಾರಣರಲ್ಲ. ಅದು ನನ್ನದೇ ಕೆಲಸ. ಇಷ್ಟು ವರ್ಷ ಅವರ ಬೆನ್ನ ಹಿಂದೆ ಅವಿತು ಕೂತಿದ್ದೆ.

ಎಂಬತ್ತರ ದಶಕ, ಅಮೆರಿಕದ ಸ್ಯಾನ್ ಹೊಸೆ. ಗಂಡ ಆಫೀಸಿಗೆ ಹೊರಟರೆ ಅಪಾರ್ಟ್‌ಮೆಂಟಿನಲ್ಲಿ ನನಗೆ ಫ್ರಿಜ್ಜಿನ ಸದ್ದೇ ಜೊತೆ. ಹೊತ್ತು ಹೋಗಲೆಂದು ಕಾಲೇಜಿನ ಸಂಜೆಯ ಇತಿಹಾಸ ತರಗತಿಗೆ ಸೇರಿದೆ. ಅಲ್ಲಿ ಸಿಕ್ಕವರು ನೀವು, ಬಿಜಾಪುರದವರು. ಕನ್ನಡ ಕೇಳಿ ಅತ್ತೇಬಿಟ್ಟಿದ್ದೆ. ಆಮೇಲೆ ನಿಮ್ಮ ಕಾರಿನಲ್ಲೇ ಹೋಗಿಬರುತ್ತಿದ್ದೆ.

ಆ ವಾರ ಮಂಗೋಲರ ಪಾಠ. ಅವರ ದೊರೆಗಳಾದ ಖಾನರು ಎಲ್ಲ ಧರ್ಮದ ಗುರುಗಳಿಗೂ ತೆರಿಗೆ ಬಿಟ್ಟು, ನಮಗಾಗಿ ಪ್ರಾರ್ಥಿಸಿ ಎನ್ನುತ್ತಿದ್ದರಂತೆ. ನಮ್ಮ ಮನೆಯಲ್ಲೂ ಹೀಗೆಯೇ ಎಂದು ಬೀಗಿದವಳು ನಾನು. ಅದೇ ಹುರುಪಿನಲ್ಲಿ ನಿಮ್ಮನ್ನು ಸತ್ಯನಾರಾಯಣ ಪೂಜೆಯ ಊಟಕ್ಕೆ ಕರೆದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಪಂಕ್ತಿ ಹಾಕುವಾಗ ಕೈ ತಡೆಯಿತು. ಎಲ್ಲರಿಗೂ ಊರಿನಿಂದ ತಂದ ಸ್ಟೀಲ್ ತಟ್ಟೆ, ನಿಮ್ಮ ಮುಂದೆ — ಪೇಪರ್ ಪ್ಲೇಟು. ಬಂದವರು ಏನೆಂದಾರೋ ಎಂದು... ಇಲ್ಲ, ಅದೂ ನೆವ. ಆ ತಟ್ಟೆಯಲ್ಲಿ ನಾಳೆ ನಾನು ಉಣ್ಣಬೇಕಲ್ಲ ಎಂದು ಅನ್ನಿಸಿತು, ಅಷ್ಟೇ.

"ಊರಿಂದ ಅತ್ತೆ ಬಂದಿದಾರೆ, ಮಡಿ ಜಾಸ್ತಿ. ಬೇಜಾರು ಮಾಡ್ಕೋಬೇಡಿ" ಎಂದು ಪಿಸುಗುಟ್ಟಿದೆ.

ನೀವು ನಕ್ಕಿರಿ. ಪಾಯಸಕ್ಕೆ ನೆನೆದು ಬಾಗುತ್ತಿದ್ದ ಪ್ಲೇಟನ್ನು ಎಡಗೈಯಲ್ಲಿ ಹಿಡಿದುಕೊಂಡೇ ಉಂಡಿರಿ.

ನೀವು ಹೋದ ಮೇಲೆ ಅತ್ತೆ ಕೇಳಿದರು: "ಯಾಕಮ್ಮ, ಆ ಹುಡುಗಿಗೆ ತಟ್ಟೆ ಸಾಲ್ಲಿಲ್ವಾ? ನಂದೇ ಕೊಡ್ಬೋದಿತ್ತಲ್ಲ."

ಸಾಲಲಿಲ್ಲ ಎಂದೆ. ಕಪಾಟಿನಲ್ಲಿ ಇನ್ನೂ ತಟ್ಟೆಗಳಿದ್ದವು.

ಮುಂದಿನ ತರಗತಿಯಲ್ಲಿ ಮೇಷ್ಟರು ಅದೇ ಪಾಠದ ಇನ್ನೊಂದು ಮುಖ ಹೇಳಿದರು. ತನ್ನ ಔತಣದ ಮಾಂಸವನ್ನು ಮುಸಲ್ಮಾನ ವರ್ತಕರು ಮುಟ್ಟಲಿಲ್ಲವೆಂದು ಸಿಟ್ಟಾಗಿ ಒಬ್ಬ ಖಾನ, ಅವರು ತಮ್ಮ ಪದ್ಧತಿಯಂತೆ ಪ್ರಾಣಿ ಕೊಯ್ಯುವುದನ್ನೇ ನಿಷೇಧಿಸಿದನಂತೆ. ಹಿಂತಿರುಗುವಾಗ ಫ್ರೀವೇ ಮೇಲೆ ಕಣ್ಣಿಟ್ಟೇ ನೀವು ಅಂದಿರಿ:

"ಬ್ಯಾರೇದವರ ದೇವ್ರನ್ನ ಸೈಸೋದು ಸಸಾರ ಐತ್ರಿ. ಖರೇ ಗೊತ್ತಾಗೋದು ಊಟಕ್ಕ ಕುಂತಾಗ. ಇರ್ಲಿ ಬಿಡ್ರಿ, ನಿಮ್ಮ ಅತ್ತಿಯಾರು ಹಳೇ ಕಾಲದವ್ರು."

ಆಗ ಬಾಯಿ ಬಿಡಬೇಕಿತ್ತು. ಅವರಲ್ಲ, ನಾನು ಎನ್ನಬೇಕಿತ್ತು. ಕಿಟಕಿಯಾಚೆ ನೋಡುತ್ತ ಕೂತೆ.

ನೀವು ನೆವಾರ್ಕ್ ಎಂಬ ಬೇರೆ ಊರಿಗೆ ಮನೆ ಬದಲಿಸಿದಿರಿ. ಉಳಿದ ತರಗತಿಗಳಿಗೆ ಬಸ್ಸಿನಲ್ಲಿ ಒಬ್ಬಳೇ ಹೋದೆ. ಅಷ್ಟು ಒಂಟಿತನ ನಾನು ಮತ್ತೆಂದೂ ಉಂಡಿಲ್ಲ.

ಅತ್ತೆ ಈಗಿಲ್ಲ. ನಿಮಗೆ ಕೊಡಬಹುದಿತ್ತೆಂದ ಅವರ ತಟ್ಟೆ ನನ್ನ ಹತ್ತಿರವೇ ಇದೆ. ಅದರಲ್ಲಿ ಬಡಿಸಿಕೊಳ್ಳಲು ಹೋಗುತ್ತೇನೆ — ಆಗದೆ, ಒರೆಸಿ ಮತ್ತೆ ಕಪಾಟಿಗೆ ಇಡುತ್ತೇನೆ.