ಹಾಲ್ವರ್ಸನ್ ಅಜ್ಜನ ತೋಟಾ ಅಂಗಡಿ

ಅಮೆರಿಕದ ಮೊಂಟಾನಾದ ನಮ್ಮೂರಲ್ಲಿ ರೈಫಲ್ ತೋಟಾ ಮಾರುವ ಹಾಲ್ವರ್ಸನ್ ಅಜ್ಜ ಗಿರಾಕಿಯ ಮುಖ ಕಂಡ ಕೂಡಲೇ, "ಎಷ್ಟು ದೂರದಿಂದ ಹೊಡೀತೀಯೋ?" ಎನ್ನುತ್ತಾನೆ. ನೂರು ಗಜ ಎಂದರೆ ಪೊದೆಗಾಡಿನ ಬೇಟೆಗೆ ದಪ್ಪ, ನಿಧಾನದ ಗುಂಡು; ಮುನ್ನೂರು ಎಂದರೆ ಬಯಲಿಗೆ ನೀಳವಾದ, ವೇಗದ ಗುಂಡು; ಆರುನೂರು ಎಂದು ಜಂಬ ಕೊಚ್ಚಿದವನಿಗೆ ಬರೀ ಕಾಫಿ. "ಅಷ್ಟು ದೂರಕ್ಕೆ ಯಾವ ತೋಟಾನೂ ನಿನ್ನ ಕೈನಡುಕ ವಾಸಿ ಮಾಡಲ್ಲ ಮಗಾ! ಎದೆಗೆ ಗುರಿ ಇಟ್ಟಿದ್ದು ಹೊಟ್ಟೆಗೆ ಬಿದ್ರೆ ಆ ಜೀವ ನರಳ್ತಾ ಕಾಡೆಲ್ಲ ಅಲೀಬೇಕು." ಮದುವೆಮನೆಯಲ್ಲಿ ಪಾದ್ರಿಯನ್ನೂ ಹಿಡಿದು ಇದನ್ನೇ ಕೊರೆದವನು ಅವನು. ಮೊನ್ನೆ ನನ್ನ ತಂಗಿ ಮಾರ್ನಿ ಮೊದಲ ಸಲ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋದಾಗ, ಅವಳಿಗೆ ತೋಟಾ ಆರಿಸಿಕೊಟ್ಟ ಅಜ್ಜ ಸಂಜೆಯಾದರೂ ಅಂಗಡಿ ಮುಚ್ಚದೆ ಬಾಗಿಲಲ್ಲೇ ನಿಂತಿದ್ದ. ಅವಳು ಸಪ್ಪೆ ಮುಖ ಹೊತ್ತು ಬಂದಳು. "ತುಂಬಾ ದೂರ ಇತ್ತಜ್ಜಾ, ಹೊಡೀಲೇ ಇಲ್ಲ." ಅಜ್ಜ ನೆಮ್ಮದಿಯ ಉಸಿರು ಬಿಟ್ಟು, ಬೆಳಗಿನಿಂದ ಮುಟ್ಟದ ಬುತ್ತಿಯನ್ನು ಬಿಚ್ಚಿದ.