ಬಳೆಗೆ ಬಟ್ಟೆ ಸುತ್ತಿದ ಬೇಸಿಗೆ

ಆಗ ನಮ್ಮ ಮನೆಯಲ್ಲಿ ಯಾರೂ ಸದ್ದಿಲ್ಲದೆ ನಡೆಯುವ ಹಾಗಿರಲಿಲ್ಲ. ಬೇರೆ ಮನೆಗಳಲ್ಲಿ ಗದ್ದಲ ಮಾಡಿದರೆ ಬೈಗುಳ, ನಮ್ಮಲ್ಲಿ ಗದ್ದಲ ಮಾಡದಿದ್ದರೆ ಬೈಗುಳ. ಅದಕ್ಕೆ ಕಾರಣ ನಾನು. ಹುಟ್ಟಿದಾಗಿನಿಂದ ನನ್ನ ಕಣ್ಣಿಗೆ ಬೆಳಕಿದೆಯೋ ಕತ್ತಲೆಯೋ ಎಂಬುದಷ್ಟೇ ಗೊತ್ತಾಗುತ್ತದೆ. ಬಾಗಿಲಲ್ಲಿ ಯಾರಾದರೂ ನಿಂತರೆ ಬೆಳಕು ತುಸು ಮುಚ್ಚಿಕೊಳ್ಳುತ್ತದೆ, ನಿಂತವರು ಯಾರೆಂದು ಮಾತ್ರ ತಿಳಿಯುವುದಿಲ್ಲ.

ಕುಷ್ಟಗಿಯಿಂದ ಒಳಗೆ ಹೋದರೆ ಸಿಗುವ ಹಳ್ಳಿ ನಮ್ಮದು. ಅಪ್ಪ ದಾಳಿಂಬೆ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದ. ಮನೆಯಲ್ಲಿ ಒಂದಿಷ್ಟು ಆಡುಗಳಿದ್ದವು. ಸದ್ದಿನ ಈ ಕಾನೂನು ತಂದವಳು ಅಪ್ಪನ ತಾಯಿ, ನಮ್ಮ ಆಯಿ. ನಾನು ಅಂಬೆಗಾಲಿಡುತ್ತಿದ್ದಾಗ ಅವ್ವ ಒಲೆಯ ಮುಂದಿನಿಂದ ಎದ್ದು ನೀರಿಗೆ ಹೋದದ್ದು ನನಗೆ ಗೊತ್ತಾಗಲಿಲ್ಲವಂತೆ. ಅವ್ವ ಅಲ್ಲೇ ಇದ್ದಾಳೆಂದು ಒಲೆಯ ಬಾಯಿಯ ತನಕ ಹೋಗಿದ್ದೆನಂತೆ. ಆಯಿ ಓಡಿ ಬಂದು ನನ್ನನ್ನು ಎತ್ತಿಕೊಂಡು, "ಇವತ್ತಿನಿಂದ ಈ ಮನ್ಯಾಗ ಯಾರೂ ಬೆಕ್ಕಿನಂಗ ಅಡ್ಡಾಡಂಗಿಲ್ಲ ನೋಡ್ರಿ," ಎಂದು ತೀರ್ಪು ಕೊಟ್ಟಳಂತೆ.

ಅಂದಿನಿಂದ ಅವ್ವ ಎರಡೂ ಕೈ ತುಂಬ ಗಾಜಿನ ಬಳೆ ಹಾಕಿಕೊಂಡಳು. ಅಪ್ಪ ಓಣಿಯ ಬಾಯಿಯಿಂದಲೇ ಕೆಮ್ಮುತ್ತ ಬರುತ್ತಿದ್ದ. ಆಯಿಯ ಕೈಯಲ್ಲಿ ಅಡಕತ್ತರಿ. ಅಡಿಕೆ ಇರಲಿ ಬಿಡಲಿ, ಅದು ಕಟಕ್ ಕಟಕ್ ಎನ್ನುತ್ತಲೇ ಇರುತ್ತಿತ್ತು. ಎಲ್ಲರಿಗಿಂತ ಹೆಚ್ಚು ಕಷ್ಟಪಟ್ಟವನು ಅಣ್ಣ ಬಸ್ಯಾ. ಅವನ ಉಡದಾರಕ್ಕೆ ಆಡಿನ ಮರಿಗೆ ಕಟ್ಟುವ ಸಣ್ಣ ಗಂಟೆ ಕಟ್ಟಿದ್ದರು. ಶಾಲೆಯ ಹುಡುಗರು "ಹೋತ ಬಂತು, ಹೋತ ಬಂತು" ಎಂದು ಕಾಡುತ್ತಿದ್ದರು.

ಅವ್ವನಿಗೆ ಒಮ್ಮೆ ಕೆಡುಕೆನಿಸಿ, "ಸಾಲಿಗೆ ಹೋಗುಮುಂದರ ಬಿಚ್ಚಿಡಪಾ," ಎಂದಳು.

"ಬ್ಯಾಡ ಬಿಡಬೇ. ನಾ ಹೋತ ಅಲ್ಲ, ಹೋರಿ ಅಂತ ಹೇಳೀನಿ ಅವರಿಗೆ," ಎಂದ ಬಸ್ಯಾ.

ನನಗೋ ಆ ಮನೆ ಅರಮನೆ. ಬಳೆ ಸದ್ದಾದ ಕಡೆ ಅವ್ವ, ಗಂಟೆಯಾದ ಕಡೆ ಅಣ್ಣ, ಕಟಕ್ ಎಂದ ಕಡೆ ಆಯಿಯ ತೊಡೆ. ನಾನು ಓಡಾಡುತ್ತಿದ್ದೆ, ಜಿಗಿಯುತ್ತಿದ್ದೆ, ಆಡಿನ ಹಾಲು ಹಿಂಡುವಾಗ ನಡುವೆ ಹೋಗಿ ಒದೆಸಿಕೊಳ್ಳುತ್ತಿದ್ದೆ. ತಂಟೆಯೆಲ್ಲ ಹೊರಗಿನಿಂದ ಬಂದವರದು. ಬಂದವರು ಸುಮ್ಮನೆ ಬರದೆ ನನ್ನ ಗಲ್ಲ ಹಿಡಿದು, "ನಾ ಯಾರು ಹೇಳು ನೋಡೋಣ?" ಎನ್ನುತ್ತಿದ್ದರು. ಹೇಳಲಾಗದಿದ್ದರೆ ಲೊಚಗುಟ್ಟುವುದು, ಹೇಳಿದರೆ ಸರ್ಕಸ್ ಕಂಡವರ ಹಾಗೆ ಚಪ್ಪಾಳೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಬ್ಬ ಮುದುಕನಿಗೆ "ನೀ ಯಾರಂತ ನಿನಗ ಗೊತ್ತಿಲ್ಲೇನು?" ಎಂದು ಕೇಳಿಬಿಟ್ಟಿದ್ದೆ. ಅವನು ಮತ್ತೆ ಆ ಆಟಕ್ಕೆ ಬರಲಿಲ್ಲ.

ನಾನು ಶಾಲೆಗೆ ಸೇರಬೇಕಾದ ವರ್ಷ ಬಂತು. ಅಪ್ಪ ನನ್ನನ್ನು ಊರ ಶಾಲೆಗೆ ಕರೆದುಕೊಂಡು ಹೋದಾಗ ಹೆಡ್ ಮಾಸ್ತರರು ಕೆಟ್ಟದ್ದೇನೂ ಅನ್ನಲಿಲ್ಲ. ಅವರ ದನಿಯಲ್ಲಿ ಇದ್ದದ್ದು ಹೆದರಿಕೆ.

"ಬಿದ್ದು ಗಿದ್ದು ಏನರ ಮಾಡ್ಕೊಂಡ್ರ ಯಾರು ನೋಡ್ಬೇಕಪಾ? ಇಂಥಾ ಮಕ್ಕಳಿಗೆ ಅಂತನ ದೂರದಾಗ ಹಾಸ್ಟೆಲ್ ಸಾಲಿ ಅದಾವು, ಛಲೋ ಅದಾವು. ಇಲ್ಲಾ, ಸಾಲಿ ಸುರು ಆಗೂದ್ರಾಗ ಈಕಿ ಒಬ್ಬಾಕಿನ ಮನಿಯಿಂದ ಇಲ್ಲೀತನ ಬಂದು ತೋರಸ್ಲಿ, ಹೆಸರು ಹಚ್ಚಿಕೊಂತೀನಿ."

ಆ ಹಾಸ್ಟೆಲ್ ಒಳ್ಳೆಯದೇ ಇದ್ದಿರಬಹುದು. ಆದರೆ ನನಗೆ ಕೇಳಿಸಿದ್ದು ಒಂದೇ: ಅಲ್ಲಿ ಅವ್ವ ಇರುವುದಿಲ್ಲ. ಆ ರಾತ್ರಿ ಅವ್ವನ ಸೆರಗನ್ನು ಹಿಡಿದ ಕೈ ಬಿಡಲೇ ಇಲ್ಲ ನಾನು.

ಅದೇ ಬೇಸಿಗೆಯಲ್ಲಿ ಅಕ್ಕೋರು ಬಂದರು. ನನ್ನಂಥ ಮಕ್ಕಳ ಮನೆಗೇ ಬಂದು ಕಲಿಸುವ ಟೀಚರ್ ಅವರು. ಪೌಡರಿನ ವಾಸನೆ, ಬಿಸಿಲಿಗೆ ಕಾದ ಸ್ಕೂಟಿಯ ವಾಸನೆ, ಗಂಗಾವತಿ ಕಡೆಯ ಮಾತು. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ನಮ್ಮ ಮನೆಯ ಗದ್ದಲವನ್ನೆಲ್ಲ ಕೇಳಿಸಿಕೊಂಡರು. ಮನೆಯವರೆಲ್ಲ ಹೊಗಳಿಕೆಗೆ ಕಾದು ಕೂತಿದ್ದರು.

"ಎಲ್ಲಾರೂ ಗಂಟಿ ಕಟ್ಟೀರಿ, ಭಾಳ ಛಲೋ," ಎಂದರು. "ಆದ್ರ ಸಾಲ್ಯಾಗ ಯಾರು ಗಂಟಿ ಕಟ್ಕೊಂಡು ಬರ್ತಾರ್ರಿ? ಈಕಿ ನಿಮ್ಮ ಗಂಟಿ ಕೇಳ್ಯಾಳ, ನಿಮ್ಮನ್ನ ಕೇಳಿಲ್ಲ. ಎಲ್ಲಾ ತಗೀರಿ."

ಆಯಿಯ ಅಡಕತ್ತರಿ ಅಲ್ಲಿಗೇ ನಿಂತಿತು. ಆಮೇಲೆ ಶುರುವಾಯಿತು ಜಗಳ. ಆಯಿಯದು ಒಂದೇ ಮಾತು: "ಇಷ್ಟ ವರ್ಷ ಕಾಪಾಡಿಕೊಂಡು ಬಂದದ್ದು ನಾವು. ನಿನ್ನೆ ಮೊನ್ನೆ ಬಂದಾಕಿ ಹೇಳಿದ್ಲಂತ ಕೂಸಿನ್ನ ಕತ್ತಲ್ಯಾಗ ದಬ್ಬಲೇನು?" ಅಕ್ಕೋರು ನನ್ನ ಕೈಗೆ ಒಂದು ಹಗುರಾದ ಕೋಲು ಕೊಟ್ಟು, ಮುಂದಿನ ವಾರ ಬರುವುದಾಗಿ ಹೇಳಿ ಹೋದರು.

ತೀರ್ಮಾನ ಮಾಡಿದವಳು ಅವ್ವ. ಮರುದಿನ ಬೆಳಿಗ್ಗೆ ಹಳೆಯ ಸೀರೆಯ ಅಂಚು ಹರಿದ ಸದ್ದಾಯಿತು. ಬಳೆಗಳ ಮೇಲೆ ಮುಂಗೈಯಿಂದ ಮೇಲಕ್ಕೆ ಪಟ್ಟಿ ಸುತ್ತಿಕೊಂಡಳು.

"ಮುತ್ತೈದಿ ಬಳಿ ಮುಚ್ಚತಾರೇನ ಯಾರರ?" ಎಂದು ಆಯಿ ಸಿಡಿದಳು.

"ಒಡದಿಲ್ರೀ ಅತ್ತಿ. ಮುಚ್ಚೀನಿ ಅಷ್ಟ," ಎಂದಳು ಅವ್ವ.

ಬಸ್ಯಾನ ಗಂಟೆ ಗೂಟಕ್ಕೆ ಹೋಯಿತು. ಅಪ್ಪ ಕೆಮ್ಮು ನುಂಗಿಕೊಂಡ. ಕೊನೆಗೆ ಆಯಿಯೂ ಅಡಕತ್ತರಿಯನ್ನು ಎಲೆ ಚೀಲಕ್ಕೆ ತುರುಕಿ ದಾರ ಎಳೆದಳು. ಮನೆ ಒಮ್ಮೆಗೇ ಖಾಲಿಯಾಯಿತು. ಎಲ್ಲರೂ ನನ್ನನ್ನು ಬಿಟ್ಟು ಎದ್ದು ಹೋದರು ಅನ್ನಿಸಿತು ನನಗೆ. ಕೂಗಿದೆ, ಅತ್ತುಬಿಟ್ಟೆ, ಕೋಲು ಬೀಸಿ ಒಗೆದೆ. ಅದು ಹೋಗಿ ಮಜ್ಜಿಗೆ ಗಡಿಗೆಗೆ ಬಡಿದು ಮಜ್ಜಿಗೆಯೆಲ್ಲ ನೆಲದ ಪಾಲು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಲ್ಲಿದ್ದಾರೆಂದಾದರೂ ತಿಳಿಯುತ್ತಿತ್ತು.

ಆ ಸಿಟ್ಟಿನಲ್ಲಿ ರೊಟ್ಟಿ ಬಿಟ್ಟು ಮೂಲೆಯಲ್ಲಿ ಕೂತಾಗಲೇ ಮೊದಲ ಸಲ ಅವ್ವನನ್ನು ಕೇಳಿಸಿಕೊಂಡೆ. ಅವಳ ಬಲಗಾಲಿನ ಒಡೆದ ಹಿಮ್ಮಡಿ ನೆಲಕ್ಕೆ ಸರ್ ಎಂದು ತಾಕುತ್ತಿತ್ತು. ಹತ್ತಿರ ಬಂದಾಗ ಜೋಳದ ಹಿಟ್ಟು ಮತ್ತು ಹೊಗೆಯ ವಾಸನೆ. ಇನ್ನೊಂದು ಸಂಗತಿ ಬೇರೆ ಯಾರಿಗೂ ಗೊತ್ತಿರಲಾರದು: ಮಾತಾಡುವ ಮೊದಲು ಅವ್ವ ಮೂಗಿನಿಂದ ಒಂದು ಪುಟ್ಟ ಉಸಿರು ಎಳೆದುಕೊಳ್ಳುತ್ತಾಳೆ. ಬಳೆಗಳ ಗದ್ದಲದಲ್ಲಿ ಅದು ಅಷ್ಟು ವರ್ಷ ಮುಚ್ಚಿಹೋಗಿತ್ತು.

"ಅವ್ವಾ, ನೀ ಇಲ್ಲೇ ಅದೀ," ಎಂದೆ.

ಅವ್ವ ನನ್ನನ್ನು ಎಳೆದು ಅಪ್ಪಿಕೊಂಡಳು. ಕೊರಳು ಬೆವರಿನಿಂದಲೋ ಕಣ್ಣೀರಿನಿಂದಲೋ ಒದ್ದೆಯಾಗಿತ್ತು.

ಅಲ್ಲಿಂದ ಆ ಬೇಸಿಗೆ ಹಬ್ಬವಾಯಿತು. ಬಸ್ಯಾ ಬಾಯಿ ತೆರೆದುಕೊಂಡೇ ಉಸಿರಾಡುತ್ತಾನೆಂದು ಗೊತ್ತಾಯಿತು. ಅಪ್ಪ ಬಾಗಿಲು ದಾಟುವ ಮೊದಲು ಅವನ ಅಂಗಿಗಂಟಿದ ತೋಟದ ಔಷಧದ ಘಾಟು ಒಳಗೆ ಬರುತ್ತದೆಂದು ತಿಳಿಯಿತು. ಆಯಿಯನ್ನು ಹಿಡಿಯುವುದು ಎಲ್ಲಕ್ಕಿಂತ ಸುಲಭ, ಸುಮ್ಮನಿರಲು ಅವಳಿಂದ ಆಗುತ್ತಲೇ ಇರಲಿಲ್ಲ. ಅಕ್ಕೋರು ವಾರವಾರ ಬಂದು ಕೋಲು ತಟ್ಟುವುದನ್ನು, ಗೋಡೆ ಹತ್ತಿರ ಬಂದಾಗ ಗಾಳಿ ಹೇಗೆ ನಿಲ್ಲುತ್ತದೆ ಎಂಬುದನ್ನು ಕಲಿಸಿದರು. ಶಾಲೆಯ ದಾರಿಗೆ ನನ್ನ ಗುರುತು ಹಿಟ್ಟಿನ ಗಿರಣಿ. ಅದರ ಬೆಲ್ಟಿನ ಪಟಪಟ ಓಣಿಯ ಆ ತುದಿಗೂ ಕೇಳಿಸುತ್ತಿತ್ತು. ಗಿರಣಿ ದಾಟಿದ ಕೂಡಲೇ ಎಡಕ್ಕೆ ಹೊರಳಿದರೆ ಶಾಲೆ. ಅವ್ವನ ಜೊತೆ, ಅಕ್ಕೋರ ಜೊತೆ ಎಷ್ಟೋ ಸಲ ಹೋಗಿ ಬಂದೆ.

ಒಬ್ಬಳೇ ಹೋಗಿ ತೋರಿಸುವ ದಿನ ಅವ್ವ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದಳು. "ಹೋಗಿ ಬಾ," ಎಂದಳು, ಅಷ್ಟೇ. ಕೋಲು ತಟ್ಟುತ್ತ ಹೊರಟೆ. ಓಣಿ ಮುಗಿದು ಬಯಲಿಗೆ ಬಂದೆ. ಗಿರಣಿ ಕೇಳಿಸಲಿಲ್ಲ. ಕರೆಂಟು ಹೋಗಿತ್ತು.

ಅಷ್ಟು ದಿನ ಕಲಿತದ್ದರಲ್ಲಿ ಕರೆಂಟು ಹೋಗುತ್ತದೆ ಎಂಬ ಪಾಠವೇ ಇರಲಿಲ್ಲ. ನಮ್ಮೂರಿನಲ್ಲಿ ಕರೆಂಟು ಇರುವುದಕ್ಕಿಂತ ಹೋಗುವುದೇ ಹೆಚ್ಚು, ಆದರೂ ಯಾರಿಗೂ ಹೊಳೆದಿರಲಿಲ್ಲ! ಬಯಲಿನಲ್ಲಿ ಕೋಲಿಗೆ ತಾಕುವ ಗೋಡೆಯೂ ಇಲ್ಲ. ಆ ಕಡೆ ಈ ಕಡೆ ಹೊರಳಿದೆ, ಯಾವ ಕಡೆಯಿಂದ ಬಂದೆನೆಂಬುದೂ ಮರೆತುಹೋಯಿತು. ತಲೆ ಸುಡುವ ಬಿಸಿಲು. ಇನ್ನು ಹಾಸ್ಟೆಲ್ಲಿಗೆ ಕಳಿಸುತ್ತಾರೆ ಎನಿಸಿತು.

ಆಗ ನನ್ನ ಹಿಂದೆ, ತೀರ ಹತ್ತಿರದಲ್ಲಿ, ಆ ಪುಟ್ಟ ಉಸಿರು ಕೇಳಿಸಿತು.

ಅವ್ವ! ಇನ್ನೇನು ಮಾತಾಡುತ್ತಾಳೆ, ಕೈ ಹಿಡಿಯುತ್ತಾಳೆ ಎಂದು ಕಾದೆ. ಮಾತು ಬರಲಿಲ್ಲ. ಎಳೆದುಕೊಂಡ ಉಸಿರನ್ನು ಅವಳು ಹಾಗೇ ಹಿಡಿದು ನಿಂತಳು. ನಾನೂ ನಿಂತೆ. ಅಂಥ ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ. ಕೂಸು ದಾರಿ ತಪ್ಪಿ ನಿಂತಿದೆ, ಹೆತ್ತವಳು ಹಿಂದೆ ನಿಂತು ನೋಡುತ್ತಿದ್ದಾಳೆ. ಹಾಗಿದ್ದರೆ ಇವಳ ಸಹಾಯ ಬೇಡವೇ ಬೇಡ ಎಂದು ಮೂಗು ಏರಿಸಿದೆ.

ಏರಿಸಿದ ಮೂಗಿಗೆ ಖಾರ ಹತ್ತಿತು. ಬೇಸಿಗೆಯೆಂದರೆ ವರ್ಷದ ಖಾರದಪುಡಿ ಬೀಸಿಸುವ ಕಾಲ, ಗಿರಣಿ ನಿಂತರೂ ಮೆಣಸಿನಕಾಯಿಯ ಘಾಟು ನಿಂತಿರಲಿಲ್ಲ. ಘಾಟು ಬಂದ ಕಡೆ ಕೋಲು ತಟ್ಟುತ್ತ ನಡೆದೆ. ಗಿರಣಿಯ ಕಟ್ಟೆ ಕೋಲಿಗೆ ತಾಕಿದ ಕೂಡಲೇ ಭರ್ಜರಿಯಾಗಿ ಸೀನಿದೆ. ಎಡಕ್ಕೆ ಹೊರಳಿದೆ. ಹಿಂದಿನಿಂದ ಬಾಯಿ ಒತ್ತಿ ಹಿಡಿದ ಒಂದು ಸೀನು ಕೇಳಿಸಿತು. ಬಸ್ಯಾ! ಅವನ ಬೆನ್ನಿಗೇ ಒಂದು ಮುದಿ ಸೀನು, ಅದರ ಬೆನ್ನಿಗೆ "ಸುಮ್ಕಿರಬೇ" ಎಂಬ ಅಪ್ಪನ ಪಿಸುಮಾತು. ಇಡೀ ಮನೆಯೇ ಬೆಕ್ಕಿನ ಹಾಗೆ ನನ್ನ ಹಿಂದೆ ಬರುತ್ತಿತ್ತು.

ನಾನು ತಿರುಗಲಿಲ್ಲ. ಶಾಲೆಯ ಗೇಟಿನ ಕಬ್ಬಿಣ ಕೈಗೆ ಸಿಕ್ಕ ಮೇಲೆ ನಿಂತು, "ಅವ್ವಾ, ಇನ್ನ ಮನಿಗೆ ಹೋಗು. ರೊಟ್ಟಿ ಮಾಡಿಡು, ನನಗ ಹಸಿವಾಗೈತಿ," ಎಂದೆ.

ಬಟ್ಟೆಯ ಪಟ್ಟಿ ಬಿಚ್ಚಿದ ಸದ್ದು, ಹಿಂದೆಯೇ ಎರಡೂ ಕೈಗಳ ಬಳೆಗಳು ಒಮ್ಮೆಗೇ ಝಲ್ ಎಂದವು. ಆಯಿ ಚೀಲದಿಂದ ಅಡಕತ್ತರಿ ತೆಗೆದು ಕಟಕ್ ಎನ್ನಿಸಿ, "ನಿಮ್ಮವ್ವನ, ಎಲ್ಲಾ ಗೊತ್ತಿತ್ತೇನಲೇ ನಿನಗ!" ಎಂದು ಅಳುತ್ತ ನಕ್ಕಳು. ಹೆಡ್ ಮಾಸ್ತರರು ಹೊರಗೆ ಬಂದು ಕಂಡದ್ದು ನಮ್ಮ ಇಡೀ ಸಂಸಾರವನ್ನು. "ಒಬ್ಬಾಕಿನ ಬಾ ಅಂದಿದ್ನಲ್ಲಾ," ಎಂದು ನಗುತ್ತಲೇ ಹೆಸರು ಬರೆದುಕೊಂಡರು.

ಆ ಶಾಲೆಯಿಂದ ಮುಂದಿನ ಶಾಲೆ, ಅಲ್ಲಿಂದ ಕಾಲೇಜು, ಈಗ ಕುಷ್ಟಗಿಯಲ್ಲಿ ನೌಕರಿ. ಆಯಿ ಇಲ್ಲ. ಅವಳ ಅಡಕತ್ತರಿ ನನ್ನ ಬ್ಯಾಗಿನಲ್ಲಿದೆ, ಅಡಿಕೆ ತಿನ್ನುವವರು ಮನೆಯಲ್ಲಿ ಯಾರೂ ಇಲ್ಲ. ಬಸ್ಯಾ ಈಗ ಎಲ್ಲರ ಹಾಗೆ ರಬ್ಬರ್ ಚಪ್ಪಲಿಯಲ್ಲಿ ಬರುತ್ತಾನೆ, ಮೊಬೈಲ್ ನೋಡುತ್ತ ಕೂರುತ್ತಾನೆ. ಇಷ್ಟು ಜನರ ನಡುವೆ ನನಗಾಗಿ ಸದ್ದು ಮಾಡಿಕೊಂಡು ಬರುವವರು ಯಾರೂ ಉಳಿದಿಲ್ಲ. ಹೋದ ವರ್ಷ ಅಪ್ಪನೂ ಹೋದ. ಆ ದಿನ ಅವ್ವನ ಬಳೆ ಒಡೆದದ್ದನ್ನು ನಾನು ಕೇಳಿಸಿಕೊಂಡೆ. ಬೇಡವೆಂದೆ, ಜಗಳಾಡಿದೆ. ಅವ್ವನೇ ಕೇಳಲಿಲ್ಲ.

ಮೊನ್ನೆ ಅವಳು ಊರಿನಿಂದ ಬಂದಿದ್ದಳು. ಬಾಗಿಲಲ್ಲಿ ಬೆಳಕು ತುಸು ಮುಚ್ಚಿಕೊಂಡಿತು. ಬಳೆಯಿಲ್ಲ, ಚಪ್ಪಲಿಯ ಸದ್ದೂ ಇಲ್ಲ. ಬರಿಗೈಯ ತನ್ನನ್ನು ನಾನು ಹೇಗೆ ಗುರುತಿಸುತ್ತೇನೋ ಎಂದು ಅಳುಕಿರಬೇಕು, ಹೊಸ್ತಿಲಲ್ಲೇ ನಿಂತಿದ್ದಳು. ಮಾತಾಡಬೇಕೆಂದು ಮೂಗಿನಿಂದ ಒಂದು ಪುಟ್ಟ ಉಸಿರು ಎಳೆದುಕೊಂಡಳು.

"ಒಳಗ ಬಾರಬೇ ಅವ್ವಾ," ಎಂದೆ.